ಗೊರಕೆ ನಿಂತ ಹೊಳಬಸಪ್ಪ

ಕುರಿ ಹಿಂಡು ರಸ್ತೆ ದಾಟಿ ಗೋವಿನಜೋಳದ ಹೊಲದ ಬದು ಹತ್ತಿ ಎಷ್ಟೋ ಹೊತ್ತಾಯಿತು. ಹೊಳಬಸಪ್ಪನ ಟೆಂಪೋ ಮಾತ್ರ ನಿಂತಲ್ಲೇ ಗುರುಗುಡುತ್ತಿತ್ತು.

"ಏನ್ರಿ, ಹೊಂಡ್ರಿ ಇನ್ನ," ಎಂದಳು ಪಕ್ಕದಲ್ಲಿ ಕುಂತ ಹೆಂಡತಿ ಯಂಕವ್ವ.

"ತಡಿ, ಕುರಿ ದಾಟ್ಲಿ," ಎಂದನವ, ಸ್ಟೇರಿಂಗ್ ಹಿಡಿದು ನೆಟ್ಟಗೆ ಕುಂತು, ಕಣ್ಣು ಮುಚ್ಚಿಕೊಂಡು.

ಯಂಕವ್ವ ಅವನ ಮುಚ್ಚಿದ ಕಣ್ಣು ನೋಡಿದಳು, ಮುಂದಿನ ರಸ್ತೆ ನೋಡಿದಳು. ರಸ್ತೆಯಲ್ಲಿ ಉಳಿದದ್ದು ಬರೀ ಹಿಕ್ಕೆ.

ನಿದ್ದೆಯಲ್ಲಿ ನಿನ್ನ ಉಸಿರು ನಿಲ್ಲುತ್ತದೆ, ಅದಕ್ಕೇ ಹಗಲೆಲ್ಲ ತೂಕಡಿಕೆ, ರಾತ್ರಿ ಗಾಳಿ ಊದುವ ಮಷೀನ್ ಹಾಕ್ಕೋ ಅಂತ ದೊಡ್ಡ ಡಾಕ್ಟರು ಹೇಳಿದ್ದರು. ಮುಖಕ್ಕೆ ಸೊಂಡಿಲು ಕಟ್ಟಿಕೊಂಡು ಹೆಂಡತಿ ಪಕ್ಕ ಮಲಗುವುದು ಗಂಡಸಿನ ಲಕ್ಷಣವಲ್ಲವೆಂದು ಇವನು ಶಿಗ್ಗಾಂವದ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಕೆಳದವಡೆಯನ್ನು ಮುಂದಕ್ಕೆ ಜಗ್ಗಿ ಹಿಡಿಯುವ ಕ್ಲಿಪ್ ಮಾಡಿಸಿಕೊಂಡ. ನಿಮ್ಮಂಥವರಿಗೆ ಇದು ಸಾಲದೇ ಹೋಗಬಹುದು, ಮತ್ತೊಮ್ಮೆ ನಿದ್ದೆಯ ತಪಾಸಣೆ ಮಾಡಿಸ್ರಿ ಅಂತ ಆ ಡಾಕ್ಟರೂ ಹೇಳಿದ್ದರು. ಗೊರಕೆ ನಿಂತಿತಲ್ಲ, ಇನ್ಯಾವ ತಪಾಸಣೆ ಅಂತ ಇವನು ಮೀಸೆ ತಿರುವಿದ. ರಾತ್ರಿಗಷ್ಟೇ ಹಾಕಬೇಕಾದ ಕ್ಲಿಪ್ಪನ್ನು ಹಗಲೂ ಕಚ್ಚಿಕೊಂಡೇ ಗಾಡಿ ಓಡಿಸತೊಡಗಿದ.

"ಮೊದ್ಲ ಭೇಷಿತ್ತವ್ವಾ," ಎಂದಳು ಹಿಂದಿನ ಸೀಟಿನಲ್ಲಿ ದಿನಾ ಕೂಡುವ ಹುಸೇನಬಿ. "ಗೊರಕಿ ಕೇಳಿದ ಕೂಡ್ಲೆ ಛತ್ರಿಲೆ ತಿವಿತಿದ್ದೆ. ಈಗ ಸದ್ದಿಲ್ದ ಎಲ್ಲಾರನೂ ಗೋರಿಗೆ ಮುಟ್ಟಸ್ತಾನ ನೋಡು, ಈ ಹೊಳಬಸಣ್ಣ!"

ಯಂಕವ್ವ ಕೈಚಾಚಿ ಕೀಲಿ ಕಿತ್ತಳು. ಎಂಜಿನ್ ನಿಂತದ್ದೇ ಹೊಳಬಸಪ್ಪ ಬೆಚ್ಚಿಬಿದ್ದು, ಬಾಯೊಳಗಿನ ಕ್ಲಿಪ್ ತೆಗೆದ.

"ಕೀಲಿ ಯಾಕ ತಗದಿ? ಗೊರಕಿ ಹೊಡದ್ನೇನು?"

"ಇಲ್ರಿ."

"ಮತ್ತ? ನಾ ಮಲಗೇ ಇಲ್ಲ!"

"ಹಂಗಾರ ಕುರಿ ಎಲ್ಲದಾವ ತೋರಸ್ರಿ."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹುಸೇನಬಿ ಸೆರಗು ಬಾಯಿಗಿಟ್ಟುಕೊಂಡಳು.

"ಕೀಲಿ ಕೊಡ. ಹೊಟ್ಟಿಪಾಡು ಐತಿ."

"ಮಷೀನ್ ಹಚ್ಕೋರಿ, ಕೊಡ್ತೇನಿ."

"ಆ ಸೊಂಡಿ ಹಚ್ಕೊಂಡ್ರ ಊರ ಜನ ನಗ್ತಾರ."

"ನಗ್ಲಿ. ನಗಾಕರೆ ಜನ ಉಳೀಬೇಕಲ್ಲ!"

ಯಂಕವ್ವ ಕೀಲಿ ಕೊಡಲಿಲ್ಲ; ಟೆಂಪೋ ಅಲ್ಲೇ ಉಳಿಯಿತು. ಹೆಂಡತಿಯ ಜೊತೆ ಹಾನಗಲ್ಲ ಬಸ್ಸು ಹತ್ತಿದವನೇ ಹೊಳಬಸಪ್ಪ ಕ್ಲಿಪ್ ಮತ್ತೆ ಕಚ್ಚಿಕೊಂಡು, ಕಿಟಕಿಗೆ ತಲೆ ಹಚ್ಚಿ ನಿದ್ದೆ ಹೋದ. ಒಂದು ಸದ್ದಿಲ್ಲ, ಸುಳಿವಿಲ್ಲ.

"ನಿಮಗ ಫ್ರೀ ಐತ್ರಿ ಅಕ್ಕಾರ, ಯಜಮಾನ್ರ ಟಿಕೀಟ್ ಹಿಡೀರಿ," ಎಂದು ಕಂಡಕ್ಟರ್ ಚೀಟಿ ಚಾಚಿದ.

ಹಿಡಿಯಲು ಯಂಕವ್ವನಿಗೆ ಕೈ ಎಲ್ಲಿತ್ತು? ಒಂದರ ಮುಷ್ಟಿಯಲ್ಲಿ ಟೆಂಪೋದ ಕೀಲಿ. ಇನ್ನೊಂದರ ಬೆರಳು ಗಂಡನ ಮೂಗಿನ ಕೆಳಗೆ, ಮುಂದಿನ ಉಸಿರಿಗಾಗಿ ಕಾಯುತ್ತಿತ್ತು.