ಯಾರಿಗೂ ನೋವಾಗದ ಪಠ್ಯ

ಕಲಾ ವಿಮರ್ಶೆಯ ಹೊಸ ಪದವಿಗೆ ನೀಲಾಂಬಿಕಾ ವರ್ಷವಿಡೀ ಕೂತು ಪಠ್ಯ ಬರೆದಿದ್ದಳು. ಅಂದು ಅಧ್ಯಯನ ಮಂಡಳಿ ಒಪ್ಪಿದರೆ ಕೋರ್ಸು ಶುರು. ಇಲ್ಲವಾದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಅಧ್ಯಕ್ಷರು ಗೋಡಂಬಿ ಬಾಯಿಗೆ ಹಾಕಿಕೊಂಡರು. "ಪದವಿ ಬೇಕೇ ಬೇಕು ಮೇಡಂ. ಆದ್ರೆ ಬದುಕಿರೋ ಕಲಾವಿದರನ್ನ ವಿಮರ್ಶೆ ಮಾಡೋದು ಬೇಡ. ನಾಳೆ ಅವರ ಮುಖ ನೋಡ್ಬೇಕಲ್ಲ."

ಆ ಹೆಸರುಗಳನ್ನೆಲ್ಲ ಅವಳು ಹೊಡೆದುಹಾಕಿದಳು. "ತೀರಿಕೊಂಡವರು ಇರಲಾ ಸರ್?"

"ಅವರಿಗೆ ಮಕ್ಕಳು ಮೊಮ್ಮಕ್ಕಳು ಇರ್ತಾರೆ," ಎಂದರು ಪಕ್ಕದ ಸದಸ್ಯರು. "ಶಿಷ್ಯರಂತೂ ಇನ್ನೂ ಕಷ್ಟ."

"ದೇವಸ್ಥಾನದ ಶಿಲ್ಪಗಳು?"

ಒಬ್ಬರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

ಅವಳಿಗೆ ರೋಸಿಹೋಯಿತು. ಜಾತಿ, ಮಠ, ಮೊಮ್ಮಕ್ಕಳು ಯಾವುದೂ ಇಲ್ಲದ ಕಲಾವಿದನನ್ನು ಹುಡುಕುತ್ತ ಸಾವಿರಾರು ವರ್ಷ ಹಿಂದಕ್ಕೆ ಹೋದಳು. "ಹಾಗಾದ್ರೆ ಆದಿಮಾನವರು ಬೆಟ್ಟದ ಬಂಡೆ ಮೇಲೆ ಬರೆದಿರೋ ಗೂಳಿ ಇಟ್ಕೊಳ್ಳೋಣ. ಅದರ ಕಾಲು ಸೊಟ್ಟ ಇದೆ ಅಂತ ಮಕ್ಕಳು ಧೈರ್ಯವಾಗಿ ಬರೀಬಹುದು."

ಎಲ್ಲರ ಮುಖ ಅರಳಿತು. ಅಧ್ಯಕ್ಷರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಬೆಳಗಿನಿಂದ ತುಟಿಪಿಟಕ್ಕೆನ್ನದೆ ಮೂಲೆಯಲ್ಲಿ ಕೂತಿದ್ದ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು.

"ಮೇಡಂ, ಆ ಗೂಳಿ ನಮ್ಮೂರ್ದು."