ಪಾವಗಡದಲ್ಲಿ ದುಬೈ ಕೇಸು

“ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಿದೀನಿ ಅಬ್ಬಾ,” ಎಂದ ಅಯಾಜ್, ದುಬೈನಿಂದ. “ಸ್ಕೂಟರ್ ಹಿಡಿದ್ಬಿಟ್ರು.”

ಸಿರಾ ಪೇಟೆಯ ತಮ್ಮ ಅಂಗಡಿಯಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದ ಫಜಲುಲ್ಲಾ ಸಾಹೇಬರು ಮೊಬೈಲನ್ನು ಕಿವಿಯಿಂದ ತೆಗೆದು ದುರುಗುಟ್ಟಿ ನೋಡಿದರು, ತಪ್ಪೆಲ್ಲ ಅದರದ್ದೇ ಎಂಬಂತೆ. ಆ ಎಲೆಕ್ಟ್ರಿಕ್ ಸ್ಕೂಟರಿನ ಫೋಟೋವನ್ನು ಮಗ ಹೋದ ತಿಂಗಳೇ ಕಳಿಸಿದ್ದ. ಕೆಲಸ ಬಿಟ್ಟು ಊರಿಗೆ ಹೊರಟವನೊಬ್ಬನಿಂದ ಅಗ್ಗಕ್ಕೆ ಕೊಂಡದ್ದು. ನೋಂದಣಿಯಿಲ್ಲ, ನಂಬರ್ ಪ್ಲೇಟಿಲ್ಲ, ವಿಮೆಯಿಲ್ಲ. ಪರದೇಶದಲ್ಲಿ ಇಂಥದ್ದನ್ನು ರಸ್ತೆಗಿಳಿಸಬೇಡ, ಮೂಲೆಯಲ್ಲಿ ನಿಲ್ಲಿಸು ಎಂದು ಸಾಹೇಬರು ಆಗಲೇ ಗದರಿದ್ದರು.

ಗಾಡಿಯ ವಿಷಯದಲ್ಲಿ ಅವರ ಮನೆಯ ಕಾನೂನು ದುಬೈಗಿಂತ ಬಿಗಿ. ಇದ್ದ ಒಂದು ಬೈಕಿನ ಕೀ ಸದಾ ಅವರ ಜುಬ್ಬಾದ ಜೇಬಿನಲ್ಲಿ. ಕಲಿಸಿಕೊಡಿ ಎಂದು ಮನೆಯಲ್ಲಿ ಯಾರು ಕೇಳಿದರೂ ಉತ್ತರ ಒಂದೇ: ಬಿದ್ದು ಸಾಯ್ತೀರ.

“ದಂಡ ಕಟ್ಟಿ ಆಚೆ ಬಾ.”

“ದಂಡಕ್ಕೆ ಮುಗಿಯಲ್ಲ ಅಬ್ಬಾ. ಒಬ್ಬರಿಗೆ ಗುದ್ದಿಬಿಟ್ಟಿದೆ. ಕೈ ಮುರಿದಿದೆ. ಲೈಸೆನ್ಸ್ ಇಲ್ಲ, ಗಾಡಿಗೆ ರಿಜಿಸ್ಟ್ರೇಷನ್ ಇಲ್ಲ. ಕೋರ್ಟಿಗೆ ಹೋದ್ರೆ ಜೈಲೂ ಆಗಬಹುದು. ಪಾಸ್‌ಪೋರ್ಟ್ ಇಟ್ಕೊಂಡಿದಾರೆ. ಕೇಸ್ ಮುಗಿಯೋವರೆಗೂ ಊರಿಗೆ ಬರೋ ಹಾಗಿಲ್ಲ.”

“ಬರೋದೇ ಬ್ಯಾಡ. ಇಲ್ಲಿ ಯಾರು ಕಾಯ್ತಾ ಕುಂತವ್ರೆ?”

“ಹಂಗನ್ಬೇಡಿ ಅಬ್ಬಾ. ಸ್ಪೀಕರ್ ಆನ್ ಇದೆ.”

“ಇರ್ಲಿ ಬಿಡು. ದುಬೈ ಪೊಲೀಸರೂ ಕೇಳಿಸ್ಕೊಳ್ಳಲಿ.”

ಸೊಸೆ ಸುಮಯ್ಯಳ ಬಾಣಂತನಕ್ಕೆಂದು ಸಾಹೇಬರ ಹೆಂಡತಿ ಅಫ್ಜಲುನ್ನೀಸಾ ದುಬೈಗೆ ಹೋಗಿದ್ದಳು. ಇನ್ನೇನು ವಾಪಸ್ಸು ಹೊರಡುವುದರಲ್ಲಿದ್ದಳು. ಅವಳ ನೆನಪಾಗಿ ಸಾಹೇಬರ ದನಿ ಇಳಿಯಿತು.

“ನಿಮ್ಮ ಅಮ್ಮಿಗೆ ಗೊತ್ತಾಯ್ತಾ?”

“ಎಲ್ಲರಿಗಿಂತ ಮೊದಲು ಗೊತ್ತಾಗಿದ್ದೇ ಅಮ್ಮಿಗೆ.”

“ಅಳ್ತಾ ಅವಳಾ?”

“ಇಲ್ಲ. ಇಲ್ಲೇ ಪೊಲೀಸರ ಜೊತೆ ಜಗಳ ಆಡ್ತಿದಾರೆ.”

ಪಾಪದ ಹೆಂಗಸು. ಇಂಥ ಮಗನಿಗಾಗಿ ಅರಬ್ಬರ ಹತ್ತಿರ ಜಗಳ. ಸಾಹೇಬರು ಹತ್ತಿ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

ಒಂದು ದಾರಿಯಿತ್ತು, ಅದನ್ನೂ ಅಯಾಜನೇ ಹೇಳಿದ. ಗುದ್ದಿಸಿಕೊಂಡವನ ಹೆಸರು ಬೈಲಪ್ಪ, ಅಲ್ಲಿ ಕಟ್ಟಡದ ಕೆಲಸದಲ್ಲಿದ್ದವನು, ಊರು ಪಾವಗಡ. ಅವನು ಕ್ಷಮಿಸಿದ್ದೇನೆ ಎಂದು ಬರೆದುಕೊಟ್ಟರೆ ಪೊಲೀಸರು ದಂಡಕ್ಕೇ ಮುಗಿಸುವವರಿದ್ದರು. ಆದರೆ ಅವನದು ಒಂದೇ ಹಟ: ‘ನಿಮ್ಮ ಮನೆ ಹಿರಿಯರು ಹೋಗಿ ನಮ್ಮವ್ವನ್ನ ಕೇಳ್ಲಿ. ಅವ್ವ ಹೂಂ ಅಂದ್ರೆ ನಂದೂ ಹೂಂ.’

“ಅಬ್ಬಾ, ಹೊರಡೋ ಮುಂಚೆ ಒಂದು ವಿಷಯ—”

“ಇನ್ನೇನೋ ವಿಷಯ? ಫೋನ್ ಇಡು.”

ಸಾಹೇಬರು ಅಂಗಡಿಯಲ್ಲಿದ್ದ ಎರಡು ಹೊಸ ದಿಂಬುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಮಧುಗಿರಿಯಲ್ಲಿ ಇನ್ನೊಂದು ಬಸ್ಸು. ದಿಂಬಿಗೂ ಟಿಕೆಟ್ ತಗೋಬೇಕು ಎಂದ ಕಂಡಕ್ಟರ್‌ಗೆ, ಅವು ನನ್ನ ತೊಡೆ ಮೇಲೇ ಕೂರುತ್ತವೆ ಎಂದು ವಾದಿಸಿ ಗೆದ್ದರು. ಆ ಗೆಲುವಿನಲ್ಲಿ ಅವರಿಗೊಂದು ಉಪಾಯವೂ ಹೊಳೆಯಿತು.

ಪಾವಗಡದಲ್ಲಿ ಬೈಲಪ್ಪನ ತಾಯಿ ಪಟಾಲಮ್ಮ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಬಂದವರಿಗೆ ನೀರು ಕೊಟ್ಟು, ಮತ್ತೆ ಮೊರ ಎಳೆದುಕೊಂಡಳು.

“ನಮ್ ಬೈಲ ಫೋನಲ್ಲಿ ಎಲ್ಲ ಹೇಳ್ದ. ಗುದ್ದಿದ್ದು ನಿಮ್ ಮನೆಯೋರಂತೆ?”

“ನಮ್ಮನೇದೇ ತಾಯಿ. ಬುದ್ಧಿ ಕಮ್ಮಿ. ಮೊದ್ಲಿಂದ್ಲೂ ಅಂಗೇ.” ಸಾಹೇಬರು ಉಪಾಯ ಶುರುಮಾಡಿದರು. “ನಾನೂ ಹೊಡ್ದು ಬಡ್ದು ನೋಡ್ದೆ. ಬಗ್ಗಲಿಲ್ಲ.”

ಪಟಾಲಮ್ಮನ ಕೈ ನಿಂತಿತು. “ಹೊಡೀತೀರಾ?”

“ಬೆಲ್ಟಲ್ಲಿ. ಎದುರು ಮಾತಾಡಿದ ದಿನ ಊಟಾನೂ ಹಾಕ್ತಿರಲಿಲ್ಲ.”

ನಿಜ ಹೇಳಬೇಕೆಂದರೆ ಸಾಹೇಬರು ಮಗನ ಕಿವಿಯನ್ನೂ ಹಿಂಡಿದವರಲ್ಲ. ಅವರಲ್ಲಿ ಬೆಲ್ಟೇ ಇರಲಿಲ್ಲ, ಪೈಜಾಮಕ್ಕೆ ಲಾಡಿ. ಆದರೆ ಅಪ್ಪ ಕಟುಕನಾಗಿ ಕಂಡಷ್ಟೂ ಮುದುಕಿಗೆ ಕರುಣೆ ಉಕ್ಕುತ್ತದೆ ಎಂಬುದು ಲೆಕ್ಕಾಚಾರ. ಅದು ಫಲಿಸುತ್ತಲೂ ಇತ್ತು. ಪಟಾಲಮ್ಮನ ಮುಖ ಕೆಂಪಗಾಗಿತ್ತು.

“ಕೈ ಮುರ್ದಿರೋದು ನನ್ ಮಗಂದು. ನಂಗೂ ಹೊಟ್ಟೆ ಉರೀತದೆ. ಆದ್ರೂ ಕೇಸು ಬ್ಯಾಡ ಅಂತೀನಿ. ನೀವೊಂದು ಮಾತು ಕೊಡ್ಬೇಕು.”

“ಹೇಳಿ ತಾಯಿ.”

“ಇನ್ಮೇಲೆ ಕೈ ಎತ್ತಂಗಿಲ್ಲ. ಹೊಟ್ಟೆಗೆ ಹಾಕ್ದೆ ಇರಂಗಿಲ್ಲ. ಸಿರಾಕ್ಕೆ ಬಂದ್ಮೇಲೆ ನೀವೇ ಒಂದು ಗಾಡಿ ಕೊಡ್ಸಿ. ನಂಬರ್ ಹಾಕ್ಸಿ, ಲೈಸೆನ್ಸ್ ಮಾಡ್ಸಿ. ಆಮೇಲೆ ನೀವು ಹಿಂದಿನ ಸೀಟಲ್ಲಿ ಕುಂತ್ಕಂಡು ಪೇಟೇಲೆಲ್ಲ ಓಡಾಡ್ಬೇಕು.”

ಸಾಹೇಬರು ಒಳಗೊಳಗೇ ನಕ್ಕರು. ಮಗ ಊರಿಗೆ ಬರುವುದು ವರ್ಷಕ್ಕೊಮ್ಮೆ, ನೆಂಟನ ಹಾಗೆ. ಅಷ್ಟಕ್ಕೆ ಏನು ಬೇಕಾದರೂ ಒಪ್ಪಬಹುದು.

“ಖುದಾ ಕಸಮ್,” ಎಂದು ಎದೆಯ ಮೇಲೆ ಕೈಯಿಟ್ಟರು.

ಪಟಾಲಮ್ಮ ಮಗನಿಗೆ ಫೋನು ಹಚ್ಚಿದಳು. “ವದಿಲೇಯ್‌ರಾ ಬೈಲಾ,” ಎಂದಳು ತೆಲುಗಿನಲ್ಲಿ, ಬಿಟ್ಟುಬಿಡೋ ಎಂದು. ಅಷ್ಟೇ. ಕೋರ್ಟು, ಜೈಲು, ಪಾಸ್‌ಪೋರ್ಟು ಎಲ್ಲ ಆ ಒಂದು ಮಾತಿನಲ್ಲಿ ಕರಗಿಹೋಯಿತು. ಸಾಹೇಬರು ದಿಂಬುಗಳನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

ಪಟಾಲಮ್ಮ ಅವನ್ನು ಇಸಿದುಕೊಳ್ಳಲಿಲ್ಲ.

“ಮೊಮ್ಮಗೀಗೆ ಔಷ್ದಿ ತರಕ್ಕೆ ಅಂತ ಗಾಡಿ ಹತ್ತಿದ್ಲಂತೆ ಪಾಪ,” ಎಂದಳು. “ಅಂಥ ಹೆಂಡ್ತೀನ ಯಾರಾದ್ರೂ ಬೆಲ್ಟಲ್ಲಿ ಹೊಡೀತಾರಾ ಸಾಬ್ರೆ?”