ನಯನಾ ಕುಡಿದು ಉಳಿಸಿದ ನೀರು

ನಯನಾಳ ಫೋಟೋದ ಮುಂದಿದ್ದ ಅವಳ ಚೊಂಬಿಗೆ ನೀರು ಸೇರಿಸಲು ಹೋದ ದಾನೇಶ್ವರಿಗೆ ಒಳಗೆ ಸತ್ತು ತೇಲುತ್ತಿದ್ದ ಸೊಳ್ಳೆಮರಿಗಳು ಕಂಡವು. ಡೆಂಗಿಯಲ್ಲಿ ತೀರಿಕೊಂಡ ಮಗಳು ಕುಡಿದು ಉಳಿಸಿದ ನೀರದು. ತಿಂಗಳಿಂದ ಇಂಗಿದಷ್ಟು ತುಂಬುತ್ತಿದ್ದಳೇ ಹೊರತು ಒಮ್ಮೆಯೂ ಚೆಲ್ಲಿರಲಿಲ್ಲ.

“ಇದ್ಕೆ ಔಸ್ದಿ ಆಕ್ದೋರ್ಯಾರು?”

“ಯಾರೂ ಆಕಿಲ್ಲ ಕಣಕ್ಕ,” ಎಂದಳು ಆಶಾ ಕಾರ್ಯಕರ್ತೆ ಪುಟ್ಟಮ್ಮಣ್ಣಿ. ದಾನೇಶ್ವರಿಯ ಕಿರಿಮಗಳು ಅನುವಿನ ಜ್ವರ ನೋಡಲು ಬಂದಿದ್ದಳು. “ಬಚ್ಚಲತ್ರ ಔಸ್ದಿ ಪುಡಿ ಬಳುದ ಮಡಕೆ ಮಡಗಿದ್ನಲ್ಲ, ಅದ್ರಲ್ಲಿ ಕುಂತ ಸೊಳ್ಳೆ ಕಾಲ್ಗೆ ಪುಡಿ ಅಂಟುಸ್ಕಂಡು ತಾನು ಮೊಟ್ಟೆ ಇಡೋ ನೀರ್ಗೇ ತಂದು ಬುಡ್ತದೆ. ಊರೆಲ್ಲ ತಡಕುದ್ರೂ ಆ ನೀರು ನಮ್ಗೆ ಸಿಗ್ನಿಲ್ಲ. ಸೊಳ್ಳೆನೇ ತೋರುಸ್ಬುಡ್ತು.”

ಚೊಂಬಿನ ಅಂಚಿನಿಂದ ಸೊಳ್ಳೆಯೊಂದು ಎದ್ದು, ವಿಭೂತಿ ಬಳಿದಂತಿದ್ದ ಕಾಲು ಇಳಿಬಿಟ್ಟು, ಅನು ಮಲಗಿದ್ದ ಕೋಣೆಯತ್ತ ತೇಲಿತು. ದಾನೇಶ್ವರಿ ನಯನಾಳ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ, ಚೊಂಬನ್ನು ಬಗ್ಗಿಸಿದಳು.